ಯಾವ ರಸ್ತೆ ಮೊದಲು?
ಸೀಮಿತ ಹಣದಲ್ಲಿ ಸಾರಿಗೆಯ ಕಾಮಗಾರಿಗಳನ್ನು ಆರಿಸುವ ಲೆಕ್ಕ

ಕಲಬುರಗಿ ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳು ಜಿಲ್ಲೆಯ ವಾಯವ್ಯದಿಂದ ನೈಋತ್ಯದವರೆಗೆ ಬಿಲ್ಲಿನಂತೆ ಬಾಗಿ ನಿಂತಿರುವುದು ಕಾಣುತ್ತದೆ. ಆಳಂದವೂ ಅಫಜಲಪುರವೂ ಮಹಾರಾಷ್ಟ್ರದ ಎಲ್ಲೆಗೆ ತಾಗಿವೆ. ಭೀಮಾ ನದಿಯು ಅಫಜಲಪುರದ ಅಂಚನ್ನು ತೊಳೆಯುತ್ತ ಬಂದು, ದೇವಲ ಗಾಣಗಾಪುರದ ಬಳಿ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿಗೂ ಜಿಲ್ಲೆಯ ಮುಖ್ಯ ಪಟ್ಟಣಕ್ಕೂ ನಡುವೆ ಅಡ್ಡವಾಗಿ ಹರಿಯುತ್ತದೆ. ಮುಂಬಯಿಯಿಂದ ರಾಯಚೂರಿಗೆ ಹೋಗುವ ರೈಲುಹಾದಿ 1871ರಷ್ಟು ಹಿಂದೆಯೇ ಕಲಬುರಗಿಯನ್ನು ಮುಟ್ಟಿತು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರುಗಳಲ್ಲಿ ಯಾವುದಕ್ಕೂ ಇಂದಿಗೂ ರೈಲು ನಿಲ್ದಾಣವಿಲ್ಲ. ಇಲ್ಲಿಯ ತೊಗರಿ, ಜೋಳ, ಕಬ್ಬು, ಕಾಲೇಜಿಗೆ ಹೋಗುವ ಹುಡುಗರು, ಆಸ್ಪತ್ರೆಗೆ ಹೋಗುವ ರೋಗಿಗಳು, ಎಲ್ಲರೂ ರಸ್ತೆಯನ್ನೇ ನಂಬಿದವರು.

ಇಂಥ ತಾಲ್ಲೂಕುಗಳಲ್ಲಿ ಆಗಬೇಕಾದ ಕೆಲಸಗಳ ಪಟ್ಟಿ ಯಾವಾಗಲೂ ಉದ್ದ. ಬೊಕ್ಕಸದಲ್ಲಿರುವ ಮೊಬಲಗು ಯಾವಾಗಲೂ ಗಿಡ್ಡ. ಒಂದೂರಿಗೆ ಹಳ್ಳದ ಮೇಲೆ ಸೇತುವೆ ಬೇಕು. ಇನ್ನೊಂದಕ್ಕೆ ಸಂತೆಯ ಊರಿಗೆ ಡಾಂಬರು ರಸ್ತೆ ಬೇಕು. ಮತ್ತೊಂದು ಕಡೆ ಇರುವ ಹೆದ್ದಾರಿ ಸಾಲದೆಂದು ಅಗಲ ಮಾಡಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಹಾಗಾದರೆ ಯಾವುದು ಮೊದಲು? ಗಟ್ಟಿಯಾಗಿ ಕೂಗಿದವರದೇ, ಪ್ರಭಾವಿಗಳ ಊರಿನದೇ, ಅಥವಾ ಅರ್ಜಿ ಮೊದಲು ಬಂದದ್ದೇ? ಈ ಪ್ರಶ್ನೆಗೆ ಗಣಿತವೂ ಅರ್ಥಶಾಸ್ತ್ರವೂ ಎಷ್ಟರಮಟ್ಟಿಗೆ ಉತ್ತರ ಹೇಳಬಲ್ಲವು, ಎಲ್ಲಿಗೆ ಅವುಗಳ ಅಳವು ಮುಗಿಯುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ನಾಗಪುರದ ಸೂತ್ರ

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1943ರಲ್ಲಿ ಪ್ರಾಂತಗಳ ಮತ್ತು ಸಂಸ್ಥಾನಗಳ ಮುಖ್ಯ ಇಂಜಿನಿಯರುಗಳು ನಾಗಪುರದಲ್ಲಿ ಸೇರಿ ಇಪ್ಪತ್ತು ವರ್ಷಗಳ ರಸ್ತೆ ಯೋಜನೆಯೊಂದನ್ನು ರೂಪಿಸಿದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿಯ ರಸ್ತೆ ಎಂದು ನಾವು ಇಂದು ಆಡುವ ವರ್ಗೀಕರಣ ಅಲ್ಲಿಂದ ಬಂದದ್ದು. ಒಂದು ಪ್ರದೇಶಕ್ಕೆ ಎಷ್ಟು ಮೈಲಿ ರಸ್ತೆ ಬೇಕೆಂದು ತಿಳಿಯಲು ಅವರು ಸರಳವಾದ ಸೂತ್ರವೊಂದನ್ನು ಕೊಟ್ಟರು. ಸಾಗುವಳಿಯ ನೆಲದ ಚದರ ಮೈಲಿಗಳನ್ನು 5ರಿಂದ ಭಾಗಿಸಿ. ಉಳಿದ ನೆಲವನ್ನು 20ರಿಂದ ಭಾಗಿಸಿ. 2001ರಿಂದ 5000 ಜನವಸತಿಯುಳ್ಳ ಪ್ರತಿ ಊರಿಗೆ 1 ಮೈಲಿಯಂತೆಯೂ, 5000ಕ್ಕೆ ಮೇಲ್ಪಟ್ಟ ಪ್ರತಿ ಊರಿಗೆ 5 ಮೈಲಿಯಂತೆಯೂ ಸೇರಿಸಿ. ಮುಂದಿನ ಬೆಳವಣಿಗೆಗೆಂದು ನೂರಕ್ಕೆ 15ರಷ್ಟು ಕೂಡಿಸಿ. ಆ ಪ್ರದೇಶದಲ್ಲಿರುವ ರೈಲುಹಾದಿಯ ಉದ್ದವನ್ನು ಕಳೆಯಿರಿ. ಬಂದದ್ದು ಹೆದ್ದಾರಿ ಮತ್ತು ಮುಖ್ಯ ಜಿಲ್ಲಾ ರಸ್ತೆಗಳ ಒಟ್ಟು ಉದ್ದ.

ಒಂದು ಕಲ್ಪಿತ ತಾಲ್ಲೂಕನ್ನು ತೆಗೆದುಕೊಳ್ಳೋಣ. ಸಾಗುವಳಿ 500 ಚದರ ಮೈಲಿ, ಉಳಿದದ್ದು 100 ಚದರ ಮೈಲಿ. ಮಧ್ಯಮ ಊರುಗಳು 20, ದೊಡ್ಡವು 2. ರೈಲುಹಾದಿ 10 ಮೈಲಿ. ಆಗ 100, 5, 20, 10 ಸೇರಿ 135. ಅದಕ್ಕೆ ನೂರಕ್ಕೆ 15ರಂತೆ ಸುಮಾರು 20 ಸೇರಿ 155. ರೈಲಿನ 10 ಕಳೆದು 145 ಮೈಲಿ. ರೈಲೇ ಇಲ್ಲದ ತಾಲ್ಲೂಕಿಗೆ ಈ ಕಳೆಯುವಿಕೆ ಇಲ್ಲದಿರುವುದರಿಂದ ಅದಕ್ಕೆ ಸಲ್ಲಬೇಕಾದ ರಸ್ತೆ ಹೆಚ್ಚು. ರೈಲು ದೊರೆಯದ ನಾಡಿಗೆ ರಸ್ತೆಯಾದರೂ ದೊರೆಯಲಿ ಎಂಬ ನ್ಯಾಯಬುದ್ಧಿ ಆ ಒಂದು ಋಣಚಿಹ್ನೆಯಲ್ಲಿ ಅಡಗಿದೆ. ನಾಗಪುರ ಯೋಜನೆ ದೇಶಕ್ಕೆ ಇಟ್ಟುಕೊಂಡ ಗುರಿ 100 ಚದರ ಕಿಲೋಮೀಟರಿಗೆ 16 ಕಿಲೋಮೀಟರು ರಸ್ತೆ. 1961ರ ಮುಂಬಯಿ ಯೋಜನೆಯಲ್ಲಿ ಅದು 32ಕ್ಕೂ, 1981ರ ಲಖನೌ ಯೋಜನೆಯಲ್ಲಿ 82ಕ್ಕೂ ಏರಿತು.

ಆದರೆ ಈ ಸೂತ್ರ ಹೇಳುವುದು ಎಷ್ಟು ರಸ್ತೆ ಬೇಕೆಂಬುದನ್ನು ಮಾತ್ರ. 145 ಮೈಲಿಗಳಲ್ಲಿ ಈ ವರ್ಷದ 10 ಮೈಲಿ ಯಾವುವು ಎಂಬ ಪ್ರಶ್ನೆಗೆ ಅದು ಬಾಯಿ ಬಿಡುವುದಿಲ್ಲ.

ಎರೆಮಣ್ಣಿನ ತೊಡಕು

ಮೂರು ತಾಲ್ಲೂಕುಗಳಲ್ಲಿಯೂ ಬಹುಭಾಗ ಕಪ್ಪು ಎರೆ ನೆಲ. ದಖ್ಖನ್ನಿನ ಕಪ್ಪು ಬಂಡೆ ಕರಗಿ ಆದ ಈ ಮಣ್ಣಿನಲ್ಲಿ ನೀರನ್ನು ಹೀರಿ ಉಬ್ಬುವ ಜೇಡಿಯ ಕಣಗಳು ತುಂಬಿವೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಬಂಡಿಯ ಗಾಲಿ ಹೂತು ಎತ್ತುಗಳು ಮೊಣಕಾಲೂರುವ ದೃಶ್ಯವನ್ನು ಈ ಸೀಮೆಯ ಹಿರಿಯರಾರೂ ಮರೆತಿಲ್ಲ. ರಸ್ತೆಯ ಇಂಜಿನಿಯರು ಮಣ್ಣಿನ ಬಲವನ್ನು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಒಂದು ಪರೀಕ್ಷೆಯಿಂದ ಅಳೆಯುತ್ತಾನೆ: ಒಳ್ಳೆಯ ಜಲ್ಲಿಯೊಳಕ್ಕೆ ಒಂದು ಕೊರಡನ್ನು ಒತ್ತಲು ಬೇಕಾದ ಭಾರವನ್ನು 100 ಎಂದಿಟ್ಟುಕೊಂಡರೆ, ನೆನೆದ ಎರೆಮಣ್ಣಿಗೆ ಬರುವ ಅಂಕ ಸಾಮಾನ್ಯವಾಗಿ 2ರಿಂದ 4. ತಳಪಾಯ ಇಷ್ಟು ದುರ್ಬಲವಾದಾಗ ಮೇಲೆ ಹಾಸುವ ಗರಸು, ಜಲ್ಲಿಗಳ ದಪ್ಪ ಹೆಚ್ಚಬೇಕು. ಇಲ್ಲವೆ ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿಗೊಳಿಸಬೇಕು. ಎರಡಕ್ಕೂ ಹಣ ಬೇಕು. ಆದುದರಿಂದ ಗಟ್ಟಿ ನೆಲದ ತಾಲ್ಲೂಕಿಗೂ ಎರೆ ನೆಲದ ತಾಲ್ಲೂಕಿಗೂ ಸಮನಾದ ಹಣ ಕೊಟ್ಟರೆ ಎರಡನೆಯದಕ್ಕೆ ದೊರೆಯುವ ರಸ್ತೆ ಕಡಮೆ. ತೊಗರಿಗೆ ಹೆಸರಾದ ಈ ನಾಡಿನಲ್ಲಿ ಬೆಳೆ ತರುವ ಮಣ್ಣೇ ಬೆಳೆಯ ಸಾಗಾಟಕ್ಕೆ ಶತ್ರುವಾಗಿರುವುದು ವಿಚಿತ್ರವಲ್ಲವೆ!

ಇದರ ಮೇಲೆ ಭಾರದ ಪ್ರಶ್ನೆ. ಅಮೆರಿಕದ ಇಲಿನಾಯಿಯಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಪರೀಕ್ಷೆಯ ರಸ್ತೆಗಳ ಮೇಲೆ ಹಗಲಿರುಳು ಓಡಿಸಿ ಒಂದು ನಿಯಮವನ್ನು ಕಂಡುಕೊಂಡರು. ಅಚ್ಚಿನ ಮೇಲಣ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಸವೆತ ಇಮ್ಮಡಿಯಲ್ಲ, ಸುಮಾರು ಹದಿನಾರು ಮಡಿ; ಅಂದರೆ ಸವೆತವು ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ಇಂಜಿನಿಯರುಗಳು ಮಾನಕವಾಗಿ ಹಿಡಿಯುವ ಅಚ್ಚಿನ ಭಾರ 8.16 ಟನ್ನು. ಅದರ ಬದಲು 10 ಟನ್ನು ಹೇರಿದರೆ, ನೋಟಕ್ಕೆ ಕಾಲು ಪಾಲು ಹೆಚ್ಚಿದಂತೆ ಕಂಡರೂ, ಸವೆತ ಎರಡೂಕಾಲು ಪಟ್ಟು. ಅಫಜಲಪುರದ ಹಾವಳಗಾ, ಆಳಂದದ ಭೂಸನೂರುಗಳಲ್ಲಿ ಸಕ್ಕರೆಯ ಕಾರ್ಖಾನೆಗಳಿವೆ. ಕಬ್ಬು ಕಡಿಯುವ ಕಾಲದಲ್ಲಿ ಬೆಟ್ಟದಂತೆ ಹೇರಿಕೊಂಡು ಸಾಲಾಗಿ ಹೊರಡುವ ಟ್ರಾಕ್ಟರು, ಲಾರಿಗಳನ್ನು ನೋಡಿದವರಿಗೆ ಈ ನಿಯಮದ ಅರ್ಥ ಬೇಗನೆ ಹೊಳೆದೀತು. ಹಳ್ಳಿಯ ಲಘು ಸಂಚಾರಕ್ಕೆಂದು ಮಾಡಿದ ರಸ್ತೆ ಅಲ್ಲಿ ಹತ್ತು ವರ್ಷ ಬಾಳೀತೆಂದು ಬರೆದುಕೊಳ್ಳುವುದು ಕಾಗದದ ಮೇಲಿನ ಮಾತು.

ಲಾಭವನ್ನು ಅಳೆಯುವ ಬಗೆ

ಖರ್ಚನ್ನು ಅಂದಾಜು ಮಾಡುವುದು ಅಷ್ಟೇನೂ ಕಷ್ಟವಲ್ಲ. ರಸ್ತೆಯಿಂದ ಜನರಿಗೆ ಆಗುವ ಲಾಭವನ್ನು ರೂಪಾಯಿಯಲ್ಲಿ ಹೇಳುವುದು ಹೇಗೆ? ಈ ಪ್ರಶ್ನೆಗೆ ಮೊದಲು ಸಮರ್ಪಕವಾದ ಉತ್ತರ ಕೊಟ್ಟವನು ಜೂಲ್ಸ್ ದ್ಯುಪ್ವಿ ಎಂಬ ಫ್ರೆಂಚ್ ಇಂಜಿನಿಯರು, 1844ರಲ್ಲಿ. ಅವನ ವಿಚಾರಸರಣಿಯನ್ನು ನಮ್ಮ ಕಡೆಯ ಒಂದು ಉದಾಹರಣೆಯಿಂದ ತಿಳಿಯಬಹುದು; ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿದವು.

ಒಂದು ಹಳ್ಳಿಯಿಂದ ಸಂತೆಯ ಊರಿಗೆ ಹೋಗಿಬರಲು ಹಣ, ಹೊತ್ತು ಎಲ್ಲ ಸೇರಿ 50 ರೂಪಾಯಿ ತಗಲುತ್ತದೆ. ದಿನಕ್ಕೆ 100 ಮಂದಿ ಹೋಗುತ್ತಾರೆ. ರಸ್ತೆಯಾದ ಮೇಲೆ ಖರ್ಚು 20 ರೂಪಾಯಿಗೆ ಇಳಿಯಿತು. ಹೋಗುವವರು 300 ಮಂದಿಯಾದರು. ಮೊದಲಿನ ನೂರು ಮಂದಿಗೆ ತಲಾ 30 ರೂಪಾಯಿ ಉಳಿತಾಯ, ಅಂದರೆ 3000. ಹೊಸದಾಗಿ ಬಂದ 200 ಮಂದಿಯ ಲಾಭವೆಷ್ಟು? ಅವರಲ್ಲಿ ಒಬ್ಬನು 49 ರೂಪಾಯಿಯಾದರೆ ಹೋಗುತ್ತಿದ್ದನು; ಅವನಿಗೆ 29 ರೂಪಾಯಿ ಲಾಭ. ಇನ್ನೊಬ್ಬನು 21 ರೂಪಾಯಿಗಷ್ಟೇ ಒಪ್ಪುವವನು; ಅವನ ಲಾಭ 1 ರೂಪಾಯಿ. ಸರಾಸರಿ ಹಿಡಿದರೆ 30ರ ಅರ್ಧ, ತಲಾ 15ರಂತೆ 3000. ಒಟ್ಟು ದಿನಕ್ಕೆ 6000 ರೂಪಾಯಿ. ಹಿಂದೆ ದಾರಿಯಲ್ಲೇ ಕಾಣದಿದ್ದವರಿಂದ ಬಂದ ಲಾಭ ಇಲ್ಲಿ ಅರ್ಧಕ್ಕೆ ಅರ್ಧವಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕಾಮಗಾರಿ ಆರಿಸುವವರು ಮೇಲಿಂದ ಮೇಲೆ ಜಾರುವುದು ಇಲ್ಲಿಯೇ. ಅವರು ದಾರಿಯಲ್ಲಿ ಕುಳಿತು ವಾಹನಗಳನ್ನು ಎಣಿಸುತ್ತಾರೆ. ಹೆಚ್ಚು ವಾಹನ ಓಡುವ ರಸ್ತೆಗೆ ಹೆಚ್ಚು ಅಂಕ. ಆದರೆ ಶ್ರಾವಣದಲ್ಲಿ ತುಂಬಿ ಹರಿಯುವ ಹಳ್ಳದ ದಂಡೆಯಲ್ಲಿ ಕುಳಿತು ಎಣಿಸಿದರೆ ಬರುವ ಸಂಖ್ಯೆ ಸೊನ್ನೆ. ಸೊನ್ನೆ ಸಂಚಾರವಿರುವಲ್ಲಿ ಸೇತುವೆ ಏಕೆಂದು ಕೇಳಿದರೆ, ಸೇತುವೆ ಇಲ್ಲದುದರಿಂದಲೇ ಅದು ಸೊನ್ನೆ ಎಂದು ಯಾರು ಉತ್ತರ ಹೇಳಬೇಕು? ಎಣಿಸಬೇಕಾದುದು ದಾಟದೆ ಉಳಿದವರನ್ನು: ಶಾಲೆ ತಪ್ಪಿದ ದಿನಗಳು, ಸುತ್ತುಬಳಸಿ ನಡೆದ ಹಾದಿ, ಪೇಟೆಗೆ ಒಯ್ಯಲಾರದೆ ಊರಲ್ಲೇ ಕಡಮೆ ಬೆಲೆಗೆ ಮಾರಿದ ತೊಗರಿ. ಇವನ್ನು ತಿಳಿಯಲು ಮನೆಮನೆಗೆ ಹೋಗಿ ವಿಚಾರಿಸಬೇಕು. ಕಷ್ಟದ ಕೆಲಸವೆಂದು ಅದನ್ನು ಬಿಟ್ಟರೆ, ಇದ್ದವರಿಗೇ ಇನ್ನಷ್ಟು ಕೊಡುವ ಲೆಕ್ಕ ಶಾಸ್ತ್ರದ ವೇಷದಲ್ಲಿ ಬರುತ್ತದೆ.

ಚೀಲ ತುಂಬುವ ಗಣಿತ

ಈಗ ಲಾಭ, ಖರ್ಚು ಎರಡೂ ತಿಳಿದವೆಂದು ಇಟ್ಟುಕೊಳ್ಳೋಣ. ಕೈಯಲ್ಲಿ 10 ಕೋಟಿ ರೂಪಾಯಿ ಇದೆ. ಮುಂದಿರುವ ಕೆಲಸಗಳು ನಾಲ್ಕು (ಇವೂ ಕಲ್ಪಿತ). ಮೊದಲನೆಯದು ಹೆದ್ದಾರಿಯ ಅಗಲೀಕರಣ: ಖರ್ಚು 10 ಕೋಟಿ, ವರ್ಷದ ಲಾಭ 2 ಕೋಟಿ. ಎರಡನೆಯದು ಸಂತೆಯ ರಸ್ತೆ: ಖರ್ಚು 6, ಲಾಭ 1.5. ಮೂರನೆಯದು ಹಳ್ಳದ ಸೇತುವೆ: ಖರ್ಚು 4, ಲಾಭ 0.9. ನಾಲ್ಕನೆಯದು ಕಬ್ಬಿನ ರಸ್ತೆಯ ಬಲವರ್ಧನೆ: ಖರ್ಚು 7, ಲಾಭ 1.9.

ಎಲ್ಲಕ್ಕಿಂತ ಹೆಚ್ಚು ಲಾಭದ ಕೆಲಸವನ್ನು ಆರಿಸಿದರೆ ಹೆದ್ದಾರಿ. ದೊರೆಯುವುದು 2 ಕೋಟಿ. ರೂಪಾಯಿಗೆ ಹೆಚ್ಚು ಲಾಭ ಕೊಡುವುದನ್ನು ಆರಿಸಿದರೆ ಕಬ್ಬಿನ ರಸ್ತೆ, ಏಕೆಂದರೆ ಅದರ ಪ್ರಮಾಣ 0.27, ಉಳಿದವುಗಳದು 0.25, 0.225, 0.20. ಆದರೆ ಅದಕ್ಕೆ 7 ಕೋಟಿ ಕೊಟ್ಟ ಮೇಲೆ ಉಳಿಯುವ 3 ಕೋಟಿಯಲ್ಲಿ ಬೇರಾವ ಕೆಲಸವೂ ಹಿಡಿಯುವುದಿಲ್ಲ, ದೊರೆತದ್ದು 1.9 ಕೋಟಿ ಮಾತ್ರ. ಸಂತೆಯ ರಸ್ತೆ, ಸೇತುವೆ ಎರಡನ್ನೂ ಆರಿಸಿದರೆ ಖರ್ಚು ಸರಿಯಾಗಿ 10, ಲಾಭ 2.4 ಕೋಟಿ. ಬಿಡಿಬಿಡಿಯಾಗಿ ನೋಡಿದಾಗ ಯಾವ ಪರೀಕ್ಷೆಯಲ್ಲಿಯೂ ಮೊದಲ ಸ್ಥಾನ ಪಡೆಯದ ಎರಡು ಕೆಲಸಗಳು ಜೊತೆಗೂಡಿ ಗೆದ್ದವು.

ಗಣಿತಜ್ಞರು ಇದಕ್ಕೆ ಪ್ರವಾಸಿಯ ಚೀಲದ ಸಮಸ್ಯೆ ಎನ್ನುತ್ತಾರೆ. ಹೊರಬಲ್ಲ ಭಾರ ಇಷ್ಟೇ ಎಂದಿರುವಾಗ ಚೀಲದಲ್ಲಿ ಏನೇನು ತುಂಬಬೇಕು? ಅಕ್ಕಿಯಂತೆ ಅಳೆದು ಹಾಕಬಹುದಾದ ವಸ್ತುಗಳಾದರೆ ಪ್ರಮಾಣದ ಕ್ರಮದಲ್ಲಿ ತುಂಬುತ್ತ ಹೋದರೆ ಸಾಕು. ಇದನ್ನು ಜಾರ್ಜ್ ಡಾನ್ಟ್‌ಜಿಗ್ 1957ರಲ್ಲಿ ತೋರಿಸಿಕೊಟ್ಟನು. ಸೇತುವೆ ಅಕ್ಕಿಯಲ್ಲ. ಮುಕ್ಕಾಲು ಸೇತುವೆಗೆ ಮುಕ್ಕಾಲು ಲಾಭ ಬರುವುದಿಲ್ಲ, ಏನೂ ಬರುವುದಿಲ್ಲ. ಇಡಿಯ ವಸ್ತುಗಳಾದಾಗ ಕೂಟಗಳನ್ನೆಲ್ಲ ತೂಗಿ ನೋಡಬೇಕಾಗುತ್ತದೆ. 20 ಕೆಲಸಗಳಿಗೆ ಇಂಥ ಕೂಟಗಳು 10,48,576. ಇಂದಿನ ಗಣಕಯಂತ್ರಗಳಿಗೆ ಇದೊಂದು ದೊಡ್ಡ ಕೆಲಸವಲ್ಲ.

ಎಲ್ಲರಿಗೂ ಸ್ವಲ್ಪ ಸ್ವಲ್ಪ

ಆದರೆ ನಮ್ಮಲ್ಲಿ ನಡೆಯುವ ತಪ್ಪು ಇಷ್ಟು ಸೂಕ್ಷ್ಮವಾದುದಲ್ಲ. ಯಾರನ್ನೂ ನೋಯಿಸಬಾರದೆಂದು ಎಲ್ಲ ಕೆಲಸಗಳನ್ನೂ ಒಟ್ಟಿಗೆ ಆರಂಭಿಸಿ, ಪ್ರತಿವರ್ಷ ಪ್ರತಿಯೊಂದಕ್ಕೂ ಚಿಟಿಕೆ ಚಿಟಿಕೆಯಾಗಿ ಹಣ ಹಂಚುವುದು. ಇದರಿಂದ ಆಗುವ ನಷ್ಟವನ್ನು ತೋರಿಸಲು ಹೈಸ್ಕೂಲಿನ ಗಣಿತ ಸಾಕು. ತಲಾ 10 ಕೋಟಿಯ ಎರಡು ಕೆಲಸಗಳಿವೆ. ವರ್ಷಕ್ಕೆ ಬರುವುದು 5 ಕೋಟಿ. ಎರಡಕ್ಕೂ ಸಮನಾಗಿ ಹಂಚಿದರೆ ಎರಡೂ ನಾಲ್ಕನೆಯ ವರ್ಷದ ಕೊನೆಗೆ ಮುಗಿಯುತ್ತವೆ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕಿದರೆ ಮೊದಲನೆಯದು ಎರಡೇ ವರ್ಷಕ್ಕೆ ಸಿದ್ಧ. ಎರಡನೆಯದು ಹೇಗೂ ನಾಲ್ಕನೆಯ ವರ್ಷಕ್ಕೇ. ಒಂದು ಊರಿಗೆ ಎರಡು ವರ್ಷಗಳ ಲಾಭ ಪುಕ್ಕಟೆಯಾಗಿ ಬಂತು. ಇನ್ನೊಂದು ಊರಿಗೆ ಒಂದು ದಿನದ ನಷ್ಟವೂ ಆಗಲಿಲ್ಲ.

ಮೊದಲು ಯಾವುದನ್ನು ಹಿಡಿಯಬೇಕು? ಮೊದಲ ಕೆಲಸದ ಖರ್ಚು ಕ, ವರ್ಷದ ಲಾಭ ಚ. ಎರಡನೆಯದರ ಖರ್ಚು ಖ, ಲಾಭ ಛ ಎಂದಿರಲಿ. ಮೊದಲನೆಯದನ್ನು ಮುಂದೆ ಹಾಕಿದರೆ ಎರಡನೆಯದು ಕ ಖರ್ಚಾಗುವಷ್ಟು ಕಾಲ ಕಾಯಬೇಕು. ಆ ನಷ್ಟ ಕ ಗುಣಿಲೆ ಛ ಎಂಬುದಕ್ಕೆ ಅನುಪಾತದಲ್ಲಿದೆ. ತಿರುವುಮುರುವು ಮಾಡಿದರೆ ನಷ್ಟ ಖ ಗುಣಿಲೆ ಚ. ಇವೆರಡನ್ನು ಹೋಲಿಸಿದರೆ ಖರ್ಚಿಗೆ ಲಾಭದ ಪ್ರಮಾಣ ಯಾವುದಕ್ಕೆ ಹೆಚ್ಚೋ ಅದನ್ನು ಮುಂದೆ ಹಾಕಬೇಕೆಂಬುದು ತಾನಾಗಿ ಹೊರಡುತ್ತದೆ. ಡಬ್ಲ್ಯು. ಇ. ಸ್ಮಿತ್ ಎಂಬಾತ 1956ರಲ್ಲಿ ಪ್ರಕಟಿಸಿದ ಈ ನಿಯಮ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಕೆಲಸ ಹಂಚುವ ಸಂದರ್ಭದ್ದು. ಆದರೆ ಲೋಕೋಪಯೋಗಿ ಕಾಮಗಾರಿಗಳ ಸರತಿಗೂ ಹಾಗೆಯೇ ಒಪ್ಪುತ್ತದೆ.

ತಡವಾದುದಕ್ಕೆ ತೆರುವ ಬೆಲೆಗೆ ದೂರದ ನಿದರ್ಶನ ಬೇಡ. ಬೀದರ ಮತ್ತು ಕಲಬುರಗಿಗಳ ನಡುವಣ 110 ಕಿಲೋಮೀಟರಿನ ರೈಲುಹಾದಿಗೆ ಕಳೆದ ಶತಮಾನದ ಕೊನೆಯ ದಶಕದಲ್ಲಿ ಮಂಜೂರಾತಿ ದೊರೆತಾಗ ಅಂದಾಜು ಸುಮಾರು 370 ಕೋಟಿ ರೂಪಾಯಿ. ಹಾದಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ಖರ್ಚು ಸುಮಾರು 1,542 ಕೋಟಿಗೆ ಏರಿತ್ತು. ಈ ಏರಿಕೆಯಲ್ಲಿ ಬಹುಭಾಗ ಬೆಲೆಗಳ ಸಾಮಾನ್ಯ ಏರಿಕೆಯೇ ಎಂದು ಒಪ್ಪೋಣ. ಆದರೂ ಕಾಯುವಿಕೆಗೆ ತನ್ನದೇ ಆದ ಬೆಲೆ ಉಂಟು. ನಮ್ಮ ದೇಶದಲ್ಲಿ ಯೋಜನೆಗಳ ಗುಣದೋಷಗಳನ್ನು ತೂಗುವಾಗ ವರ್ಷಕ್ಕೆ ನೂರಕ್ಕೆ 12ರಂತೆ ಮುಂದಿನ ಲಾಭವನ್ನು ಇಳಿಸಿ ಲೆಕ್ಕಹಾಕುವ ಪದ್ಧತಿ ಬಳಕೆಯಲ್ಲಿತ್ತು. ಆ ಲೆಕ್ಕದಂತೆ ಹತ್ತು ವರ್ಷಗಳ ಅನಂತರ ಬರುವ ಒಂದು ರೂಪಾಯಿಯ ಇಂದಿನ ಬೆಲೆ 32 ಪೈಸೆ. ಇಪ್ಪತ್ತು ವರ್ಷಗಳ ಅನಂತರ ಬರುವುದರ ಬೆಲೆ ಹತ್ತೇ ಪೈಸೆ. ಮಗುವಾಗಿದ್ದಾಗ ಸುದ್ದಿ ಕೇಳಿದವನು ಕಾಲೇಜು ಮುಗಿಸಿ ಊರು ಬಿಟ್ಟ ಮೇಲೆ ಬಂದ ರೈಲು ಅವನಿಗೆ ಹತ್ತು ಪೈಸೆಯಷ್ಟಾದರೂ ಉಪಯೋಗವಾಯಿತೆ ಎಂಬುದು ಬೇರೆ ಮಾತು.

ಕೊಂಬೆಯಂಥ ಜಾಲ

ಇಲ್ಲಿಯವರೆಗೆ ಒಂದೊಂದು ಕೆಲಸವನ್ನೂ ಬಿಡಿಯಾಗಿ ನೋಡಿದೆವು. ರಸ್ತೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಇದು ಪೂರ್ತಿ ಸರಿಯಲ್ಲ. ಸೇತುವೆ ಕಟ್ಟಿ ಅದಕ್ಕೆ ಕೂಡುರಸ್ತೆ ಮಾಡದಿದ್ದರೆ ಸೇತುವೆಯ ಲಾಭ ಸೊನ್ನೆ. ಕೂಡುರಸ್ತೆ ಮಾಡಿ ಸೇತುವೆ ಕಟ್ಟದಿದ್ದರೆ ರಸ್ತೆಯ ಲಾಭ ಸೊನ್ನೆ. ಆದುದರಿಂದ ಎರಡನ್ನೂ ಒಂದೇ ಕೆಲಸವೆಂದು ಎಣಿಸಬೇಕು.

ಹಳ್ಳಿಗಳನ್ನೆಲ್ಲ ಅತ್ಯಂತ ಕಡಮೆ ಉದ್ದದ ರಸ್ತೆಯಿಂದ ಒಂದಕ್ಕೊಂದು ಸೇರಿಸುವುದು ಹೇಗೆ? ಮೊರಾವಿಯಾದಲ್ಲಿ ವಿದ್ಯುತ್ತಿನ ತಂತಿ ಎಳೆಯುವ ಸಂದರ್ಭದಲ್ಲಿ ಒಟಾಕರ್ ಬೊರೂವ್ಕ 1926ರಲ್ಲಿ ಇದಕ್ಕೊಂದು ಉಪಾಯ ಹೇಳಿದನು; 1956ರಲ್ಲಿ ಜೋಸೆಫ್ ಕ್ರುಸ್ಕಲ್ ಇನ್ನೂ ಸುಲಭವಾದ ಹಾದಿ ತೋರಿಸಿದನು. ಎಲ್ಲಕ್ಕಿಂತ ಗಿಡ್ಡದಾದ ರಸ್ತೆಯನ್ನು ಮೊದಲು ಆರಿಸಿ. ಆಮೇಲೆ ಅದಕ್ಕಿಂತ ತುಸು ಉದ್ದದ್ದನ್ನು. ಹೀಗೆ ಆರಿಸುತ್ತ, ಯಾವ ರಸ್ತೆ ಸೇರಿಸಿದರೆ ಸುತ್ತು ಏರ್ಪಡುವುದೋ ಅದನ್ನು ಬಿಟ್ಟುಬಿಡಿ. ಕೊನೆಗೆ ದೊರೆಯುವುದು ಮರದ ಕೊಂಬೆಗಳಂತೆ ಕವಲೊಡೆದ ಜಾಲ; 100 ಊರುಗಳಿಗೆ 99 ರಸ್ತೆಗಳು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೊದಲ ಹಂತದ ಧ್ಯೇಯ ಹೆಚ್ಚು ಕಡಮೆ ಇದೇ: ಬಯಲುಸೀಮೆಯಲ್ಲಿ 500ಕ್ಕೆ ಮೇಲ್ಪಟ್ಟು ಜನರಿರುವ ಪ್ರತಿ ವಸತಿಗೂ ಮಳೆಗಾಲದಲ್ಲಿ ಕೆಡದ ಒಂದು ರಸ್ತೆ, ದೊಡ್ಡ ಊರಿಗೆ ಮೊದಲ ಸರದಿ. 2019ರ ಮೂರನೆಯ ಹಂತದಲ್ಲಿ ಆಯ್ಕೆಯ ರೀತಿ ಬದಲಾಯಿತು. ರಸ್ತೆ ಮುಟ್ಟಿಸುವ ಜನಸಂಖ್ಯೆ, ಪೇಟೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಇವುಗಳಿಗೆ ಅಂಕ ಕೊಟ್ಟು, ಹೆಚ್ಚು ಅಂಕ ಗಳಿಸುವ ರಸ್ತೆಗಳಿಗೆ ಪ್ರಾಶಸ್ತ್ಯ ಬಂತು. ಈ ಬದಲಾವಣೆ ವಿವೇಕದ್ದೆಂದೇ ನನ್ನ ಅಭಿಪ್ರಾಯ. ಊರೊಂದು ರಸ್ತೆಗೆ ಸೇರಿತೆಂದ ಮಾತ್ರಕ್ಕೆ ಹೈಸ್ಕೂಲಿಗೆ ಸೇರಿತೆಂದು ಹೇಳಲಾಗದು.

ಆದರೆ ಮರದಂಥ ಜಾಲಕ್ಕೆ ಒಂದು ದೌರ್ಬಲ್ಯವುಂಟು. ಸುತ್ತು ಇಲ್ಲದಿರುವುದರಿಂದ ಯಾವುದೇ ಒಂದು ಕೊಂಬೆ ಮುರಿದರೂ ಅದರಾಚೆಯ ಊರುಗಳೆಲ್ಲ ಕಡಿದುಹೋಗುತ್ತವೆ. ಜೇವರ್ಗಿಯ ಸ್ಥಿತಿ ಇದಕ್ಕೆ ಸಮೀಪವಾದುದು. ಕಲಬುರಗಿಯಿಂದ ಜೇವರ್ಗಿಯ ಮೇಲೆ ಹಾದು ಸಿಂದಗಿ, ವಿಜಯಪುರಗಳತ್ತ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿ ಕಟ್ಟಿ ಸಂಗಾವಿಯ ಬಳಿ ಭೀಮೆಯನ್ನು ದಾಟುತ್ತದೆ. ಜೇವರ್ಗಿಯಿಂದಲೇ ಹೊರಟು ಶಹಾಪುರ, ಸುರಪುರಗಳ ಮೇಲೆ ಬಳ್ಳಾರಿಯ ಕಡೆಗೆ ಹೋಗುವ 150ಎ ಹೆದ್ದಾರಿಯ ಸಂಚಾರವೂ ಕಲಬುರಗಿಗೆ ಬರಬೇಕಾದರೆ ಇದೇ ಸೇತುವೆಯನ್ನು ಆಶ್ರಯಿಸಿದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆ ಸುರಿದ ಮಳೆಗೆ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳು ಜಲಾವೃತವಾದವು. ನದಿಗೆ ಅಡ್ಡಲಾಗಿ ತಗ್ಗಿನಲ್ಲಿ ಕಟ್ಟಿದ ಸೇತುವೆಗಳು ಮುಳುಗಿದವು. ಅಂಥ ದಿನ ಎರಡನೆಯ ಎತ್ತರದ ಸೇತುವೆಯೊಂದರ ಬೆಲೆ ಅಳತೆಗೆ ಮೀರಿದ್ದು. ಉಳಿದ ದಿನಗಳಲ್ಲಿ ಬಹಳ ಕಡಮೆ. ಇದನ್ನು ಪಟ್ಟಿಯಲ್ಲಿ ಎಲ್ಲಿಡಬೇಕು?

ಸಂಭವನೀಯತೆಯ ಲೆಕ್ಕ ಇಲ್ಲಿ ನೆರವಾಗುತ್ತದೆ. ಸರಾಸರಿ 50 ವರ್ಷಗಳಿಗೊಮ್ಮೆ ಬರುವ ಮಹಾಪೂರವೆಂದರೆ ಯಾವುದೇ ಒಂದು ವರ್ಷದಲ್ಲಿ ಅದು ಬಾರದಿರುವ ಸಂಭವ ನೂರಕ್ಕೆ 98. ಇಪ್ಪತ್ತೈದು ವರ್ಷ ಸತತವಾಗಿ ಬಾರದಿರುವ ಸಂಭವ 0.98ರ ಇಪ್ಪತ್ತೈದನೆಯ ಘಾತ, ಅಂದರೆ ನೂರಕ್ಕೆ ಸುಮಾರು 60. ಉಳಿದ 40ರಷ್ಟು ಸಂಭವ ಕಡೆಯ ಪಕ್ಷ ಒಮ್ಮೆಯಾದರೂ ಬರುವುದಕ್ಕೆ. ಐವತ್ತು ವರ್ಷಕ್ಕೊಮ್ಮೆ ಎಂಬ ಮಾತು ಕಿವಿಗೆ ದೂರದ್ದಾಗಿ ಕೇಳಿಸಿದರೂ, ಒಂದು ತಲೆಮಾರಿನೊಳಗೆ ಅದು ಬರುವ ಸಂಭವ ಅರ್ಧಕ್ಕೆ ಹತ್ತಿರ. ಈ ಸಂಭವದಿಂದ ನೆರೆಯ ದಿನಗಳ ನಷ್ಟವನ್ನು ಗುಣಿಸಿ, ಸೇತುವೆಯ ಲಾಭಕ್ಕೆ ಸೇರಿಸಬೇಕು.

ಪಾಲು ಹಂಚುವ ಸೂಚ್ಯಂಕ

ಈಗ ಕಷ್ಟವಾದ ಪ್ರಶ್ನೆಗೆ ಬಂದೆವು. ರಾಜ್ಯದ ಎಲ್ಲ ತಾಲ್ಲೂಕುಗಳ ಕೆಲಸಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಲಾಭದ ಪ್ರಮಾಣದಿಂದ ಆರಿಸಿದರೆ, ಜನ, ವಾಹನ, ವ್ಯಾಪಾರಗಳು ದಟ್ಟವಾಗಿರುವ ಕಡೆಯ ಕೆಲಸಗಳೇ ಮೇಲೆ ಬರುವುದು ಸಹಜ. ಎರೆ ನೆಲದಿಂದ ಖರ್ಚು ಹೆಚ್ಚು, ವಿರಳ ಸಂಚಾರದಿಂದ ಲಾಭ ಕಡಮೆ. ಅಫಜಲಪುರದ ಸರದಿ ಎಂದಿಗೂ ಬಾರದು. ಬಾರದುದರಿಂದ ಸಂಚಾರ ಬೆಳೆಯದು. ಬೆಳೆಯದುದರಿಂದ ಮುಂದಿನ ಬಾರಿಯೂ ಬಾರದು.

ಈ ಸುಳಿಯಿಂದ ಹೊರಬರುವ ಪ್ರಯತ್ನವೆಂದರೆ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಕರ್ನಾಟಕ ಸರ್ಕಾರಕ್ಕೆ ಕೊಟ್ಟ ವರದಿ. ಸಮಿತಿ 35 ಸೂಚಕಗಳನ್ನು ಆರಿಸಿ ಅಂದಿನ 175 ತಾಲ್ಲೂಕುಗಳಿಗೂ ಸಮಗ್ರ ಸೂಚ್ಯಂಕವೊಂದನ್ನು ಲೆಕ್ಕಹಾಕಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿನವು 114 ತಾಲ್ಲೂಕುಗಳು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಸೂಚ್ಯಂಕ 0.80ಕ್ಕಿಂತ ಕಡಮೆ. ಈ 39ರಲ್ಲಿ ಕಲಬುರಗಿ ವಿಭಾಗದ ಪಾಲು 21. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿ ಸೇರಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯನ್ನು ಹಿಂದುಳಿದ ತಾಲ್ಲೂಕುಗಳಿಗೆ ವಿನಿಯೋಗಿಸಬೇಕೆಂದೂ, ಅದರಲ್ಲಿ 16,000 ಕೋಟಿ ಸಾಮಾನ್ಯ ಬಜೆಟ್ಟಿಗಿಂತ ಹೆಚ್ಚಿನದಾಗಿರಬೇಕೆಂದೂ ಸಮಿತಿ ಶಿಫಾರಸು ಮಾಡಿತು. ಹತ್ತು ವರ್ಷಗಳ ಅನಂತರ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂತು. ಹಿಂದೆ ನಿಜಾಮರ ರಾಜ್ಯದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಜಿಲ್ಲೆಗಳಿಗೂ ಬಳ್ಳಾರಿಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಏರ್ಪಟ್ಟಿತು. 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಾದ ಈ ಪ್ರದೇಶದ ಮಂಡಳಿ ತಾಲ್ಲೂಕುಗಳಿಗೆ ಹಣ ಹಂಚುವಾಗ ನಂಜುಂಡಪ್ಪ ಸೂಚ್ಯಂಕವನ್ನು ಆಧಾರವಾಗಿ ಬಳಸುತ್ತ ಬಂದಿದೆ. 2023-24ರ ಆಯವ್ಯಯದಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಿತವಾಯಿತು.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಡಬೇಕು. ಯಾವ ತಾಲ್ಲೂಕಿಗೆ ಎಷ್ಟು ಎಂಬುದು ನ್ಯಾಯದ ಪ್ರಶ್ನೆ. ಅದನ್ನು ಸೂಚ್ಯಂಕ ನಿರ್ಧರಿಸಲಿ. ತಾಲ್ಲೂಕಿನೊಳಗೆ ಯಾವ ರಸ್ತೆ ಎಂಬುದು ಲಾಭದ ಪ್ರಶ್ನೆ. ಅದಕ್ಕೆ ಚೀಲದ ಗಣಿತವನ್ನೂ ಸರತಿಯ ನಿಯಮವನ್ನೂ ಬಳಸಬೇಕು. ವಾಸ್ತವದಲ್ಲಿ ಮೊದಲನೆಯದನ್ನು ಶಾಸ್ತ್ರೀಯವಾಗಿ ಮಾಡಿ ಎರಡನೆಯದನ್ನು ಶಿಫಾರಸಿಗೆ ಬಿಡುವುದುಂಟು. ಹಿಂದುಳಿದ ತಾಲ್ಲೂಕೆಂಬ ಹೆಸರಿನಲ್ಲಿ ಬಂದ ಹಣ ಆ ತಾಲ್ಲೂಕಿನ ಮುಂದುವರಿದ ಊರಿನ ಬೀದಿಗೇ ಹೋದರೆ ಸೂಚ್ಯಂಕದಿಂದ ಏನು ಪ್ರಯೋಜನ?

ಸೂಚ್ಯಂಕಕ್ಕೂ ವಯಸ್ಸಾಗುತ್ತದೆ. ಜೇವರ್ಗಿಯನ್ನು ಅಂದು ಅಳೆದಾಗ ಯಡ್ರಾಮಿ ಅದರೊಳಗಿತ್ತು. ಇಂದು ಅದು ಬೇರೆ ತಾಲ್ಲೂಕು. ಎರಡರಲ್ಲಿ ಹೆಚ್ಚು ಹಿಂದುಳಿದದ್ದು ಯಾವುದೆಂದು ಹಳೆಯ ಒಂದೇ ಅಂಕಿಯಿಂದ ತಿಳಿಯುವ ಬಗೆಯಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು.

ಮಾಡಿದ ರಸ್ತೆಯ ಪಾಲನೆ

ಪಟ್ಟಿಯಲ್ಲಿ ಹೆಸರೇ ಬಾರದ ಒಂದು ಕೆಲಸ ಉಳಿಯಿತು. ಅದು ಇರುವ ರಸ್ತೆಯನ್ನು ಕಾಪಾಡುವುದು. ಹೊಸ ರಸ್ತೆಗೆ ಉದ್ಘಾಟನೆಯುಂಟು, ಕಲ್ಲಿನ ಮೇಲೆ ಹೆಸರುಂಟು. ಚರಂಡಿಯ ಹೂಳು ತೆಗೆದು ಸಣ್ಣ ಬಿರುಕಿಗೆ ಡಾಂಬರು ಸುರಿದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ರಸ್ತೆ ಹಾಳಾಗುವ ಕ್ರಮ ಮೋಸದ್ದು. ಮೊದಮೊದಲು ಸವೆತ ಕಣ್ಣಿಗೆ ಬೀಳದಷ್ಟು ನಿಧಾನ. ಬಿರುಕಿನಿಂದ ನೀರು ಇಳಿದು ಕೆಳಗಿನ ಎರೆಮಣ್ಣನ್ನು ಮುಟ್ಟಿದೊಡನೆ ಒಂದೆರಡು ಮಳೆಗಾಲಗಳಲ್ಲಿ ಕುಸಿತ. ಆ ಘಟ್ಟಕ್ಕೆ ಮುಂಚೆ ಮೇಲುಹೊದಿಕೆ ಸಾಕು. ಅದು ದಾಟಿದ ಮೇಲೆ ಬುಡದಿಂದ ಮಾಡಬೇಕು. ವಿಶ್ವ ಬ್ಯಾಂಕು 1988ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಎರಡು ದಶಕಗಳಲ್ಲಿ ಸಕಾಲದ ದುರಸ್ತಿಗೆ 12 ಶತಕೋಟಿ ಡಾಲರು ಖರ್ಚುಮಾಡಿದ್ದರೆ 45 ಶತಕೋಟಿ ಡಾಲರು ಬೆಲೆಯ ರಸ್ತೆಗಳು ಹಾಳಾಗದೆ ಉಳಿಯುತ್ತಿದ್ದವು. ಲಾಭದ ಪ್ರಮಾಣದಿಂದ ನೋಡಿದರೆ ಹೊಸ ಕಾಮಗಾರಿಗಳಲ್ಲಿ ಇದಕ್ಕೆ ಸಾಟಿಯಾದುದು ಸಿಕ್ಕುವುದು ಅಪರೂಪ.

ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದರ ಪಾಲನೆಯನ್ನೂ ನೋಡಿಕೊಳ್ಳಬೇಕೆಂಬ ಕರಾರನ್ನು ಗುತ್ತಿಗೆಯಲ್ಲಿಯೇ ಸೇರಿಸಿದ್ದಾರೆ. ಆರನೆಯ ವರ್ಷದಿಂದ ಆ ಹೊಣೆ ರಾಜ್ಯದ ಬೊಕ್ಕಸಕ್ಕೆ ಬೀಳುತ್ತದೆ. ಆಗ ಅದೇ ರಸ್ತೆಯ ತೇಪೆಯ ಕೆಲಸ, ಇನ್ನೂ ಸೇತುವೆ ಕಾಣದ ಊರಿನ ಅರ್ಜಿಯ ಪಕ್ಕದಲ್ಲಿ, ಅದೇ ಹತ್ತು ಕೋಟಿಗೆ ಕೈಯೊಡ್ಡಿ ನಿಲ್ಲುತ್ತದೆ.